ಮೊದಲ ಅನುಮಾನ ಯಾರ ಮೇಲೆ?

ದಲಿತ ವಿಮರ್ಶೆಯ ವಿಶೇಷ ಸಂಚಿಕೆಗೆ ಬರೆಯಿರಿ ಎಂದು ಸಂಪಾದಕ ಗೆಳೆಯರು ಕೇಳಿದಾಗ, ಒಂದು ಪತ್ತೇದಾರಿ ಕಾದಂಬರಿಯ ಬಗ್ಗೆ ಬರೆಯುತ್ತೇನೆ ಅಂದೆ. ಅದೂ ನಮ್ಮ ನಾಡಿನದಲ್ಲ, ನ್ಯೂಜಿಲೆಂಡಿನದು. ಫೋನಿನ ಆ ಕಡೆ ಒಂದು ಗಳಿಗೆ ಮಾತಿಲ್ಲ. ಆಮೇಲೆ 'ಅದರೊಳಗ ದಲಿತರು ಅದಾರೇನ್ರಿ?' ಅಂದರು. ಈ ಬರಹವನ್ನು ಆ ಪ್ರಶ್ನೆಗೆ ಕೊಟ್ಟ ಉತ್ತರ ಅಂತ ಓದಿದರೂ ನಡೆದೀತು.

ದಲಿತ ವಿಮರ್ಶೆ ಎಂದರೆ ದಲಿತರು ಬರೆದದ್ದನ್ನು ಓದುವ ವಿಮರ್ಶೆ ಎಂಬ ತಿಳುವಳಿಕೆ ನಮ್ಮಲ್ಲಿ ಬೇರುಬಿಟ್ಟಿದೆ. ಇದರಿಂದ ಅನುಕೂಲವಾದದ್ದು ಮೇಲ್ಜಾತಿಯ ವಿಮರ್ಶಕರಿಗೆ. ಜಗತ್ತಿನ ಪುಸ್ತಕಗಳೆಲ್ಲ ಅವರ ಪಾಲಿಗೆ, ನಮ್ಮ ಪಾಲಿಗೆ ನಮ್ಮವೇ ಆತ್ಮಕಥೆಗಳು. ಊರಿನ ಹೊಲವೆಲ್ಲ ಅವರಿಗೆ, ಕೇರಿಯ ಹಿತ್ತಲು ನಮಗೆ. ಭೂಮಿಯ ವಿಷಯದಲ್ಲಿ ನಾವು ವಿರೋಧಿಸಿದ ಈ ಹಂಚಿಕೆಯನ್ನು ಸಾಹಿತ್ಯದಲ್ಲಿ ತಲೆ ಬಾಗಿಸಿ ಒಪ್ಪಿಕೊಂಡಿದ್ದೇವೆ. ನಾವು ಯಾವ ಪುಸ್ತಕವನ್ನಾದರೂ ಓದಬಹುದು, ನಮ್ಮ ಕಣ್ಣಿನಿಂದ ಓದಬೇಕು, ಅಷ್ಟೆ.

ಪತ್ತೇದಾರಿಗೂ ನನಗೂ ಹಳೆಯ ನಂಟು. ಬ್ಯಾಡಗಿಯಲ್ಲಿ ಹೈಸ್ಕೂಲು ಓದುವಾಗ ಬಾಡಿಗೆ ಪುಸ್ತಕದ ಅಂಗಡಿಯಿಂದ ಎನ್. ನರಸಿಂಹಯ್ಯನವರ ಪುರುಷೋತ್ತಮನ ಸಾಹಸಗಳನ್ನು ತಂದು, ಬೀದಿ ದೀಪದ ಬುಡದಲ್ಲಿ ಕೂತು ಒಂದೇ ರಾತ್ರಿಯಲ್ಲಿ ಮುಗಿಸುತ್ತಿದ್ದೆ. ಎರಡು ದಿನ ಇಟ್ಟುಕೊಂಡರೆ ಎರಡು ದಿನದ ಬಾಡಿಗೆ. ಮುಂದೆ ಕಾಲೇಜಿಗೆ ಬಂದಾಗ ಇವು ಸಾಹಿತ್ಯವೇ ಅಲ್ಲ ಅಂತ ತಿಳಿಯಿತು. ತೇಜಸ್ವಿಯವರು 'ಜುಗಾರಿ ಕ್ರಾಸ್' (1994) ಬರೆದಾಗಷ್ಟೆ ಪತ್ತೇದಾರಿಯ ಓಟಕ್ಕೆ ಗಂಭೀರ ಸಾಹಿತ್ಯದ ಪಡಸಾಲೆಗೆ ಪ್ರವೇಶ ಸಿಕ್ಕಿತು. ಆದರೆ ನನಗೆ ಪುರುಷೋತ್ತಮನ ಕಥೆಗಳನ್ನು ಬಿಡಿಸಿದ್ದು ಕಾಲೇಜಲ್ಲ. ಅದನ್ನು ಮೊದಲು ಹೇಳಬೇಕು.

ನಮ್ಮವ್ವ ಬ್ಯಾಡಗಿಯ ಒಂದು ಮೆಣಸಿನಕಾಯಿ ಅಂಗಳದಲ್ಲಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಸಂಜೆ ಮನೆಗೆ ಬಂದರೆ ಕೈ ಉರಿ ತಣಿಸಲಿಕ್ಕೆ ಎಣ್ಣೆ ಹಚ್ಚಿಕೊಂಡು ಕೂಡುವಳು. ನಮ್ಮನ್ನು ಮುಟ್ಟುತ್ತಿರಲಿಲ್ಲ, ಮಕ್ಕಳ ಕಣ್ಣು ಉರಿದಾವು ಅಂತ. ಒಂದು ದಿನ ಆ ಅಂಗಳದ ಯಜಮಾನರ ಮನೆಯ ಹೆಣ್ಣುಮಗಳ ಬಂಗಾರದ ಬೆಂಡೋಲೆ ಕಳೆಯಿತು. ಅವತ್ತು ಅಲ್ಲಿ ನಲವತ್ತು ಜನ ಇದ್ದರು: ಹಮಾಲರು, ತೂಕದವರು, ಲೆಕ್ಕ ಬರೆಯುವವರು, ಬಂದು ಹೋದ ಖರೀದಿದಾರರು. ಸೀರೆ ಜಾಡಿಸಿ ತೋರಿಸಿರಿ ಅಂದದ್ದು ನಮ್ಮ ಕೇರಿಯ ಏಳು ಮಂದಿ ಹೆಂಗಸರಿಗೆ ಮಾತ್ರ. ಒಂದು ವಾರದ ಕೂಲಿ ಹಿಡಿದರು. ಮೂರು ತಿಂಗಳ ಮೇಲೆ ಬೆಂಡೋಲೆ ಅವರದೇ ಮನೆಯ ಬಚ್ಚಲದಾಗ ಸಿಕ್ಕಿತಂತ. ನಮಗೆ ಯಾರೂ ಹೇಳಿ ಕಳಿಸಲಿಲ್ಲ, ಗಾಳಿ ಮಾತಾಗಿ ಬಂತು. ನಾನು ಪುರುಷೋತ್ತಮನ ಶಿಷ್ಯ, 'ಹಂಗಾದ್ರ ಕೇಸು ಬಗೀಹರೀತು' ಅಂದೆ. ಅವ್ವ ಅಂದಳು: 'ಅವರ ಬಂಗಾರ ಅವರಿಗೆ ಸಿಕ್ತೋ ತಮ್ಮಾ. ನಮ್ಮದೇನ ಕಳೀತಲ್ಲ, ಅದನ್ನ ಯಾರ ಹುಡುಕತಾರ?'

ಅವತ್ತಿನಿಂದ ಪತ್ತೇದಾರಿ ಕಥೆ ಓದುವಾಗ 'ಕದ್ದವರು ಯಾರು' ಎಂಬ ಪ್ರಶ್ನೆಗಿಂತ 'ಮೊದಲು ಯಾರನ್ನು ತಡವಿ ನೋಡಿದರು' ಎಂಬ ಪ್ರಶ್ನೆ ನನಗೆ ಮುಖ್ಯವಾಯಿತು. ಈಗ ನಾನು ಹೇಳಲಿರುವ ಕಾದಂಬರಿಯನ್ನೂ ಇದೇ ಪ್ರಶ್ನೆ ಹಿಡಿದು ಓದಿದೆ.

ಕಾದಂಬರಿಯ ಹೆಸರು 'ದಿ ಲ್ಯುಮಿನರೀಸ್'. ಬರೆದವರು ಎಲಿನಾರ್ ಕ್ಯಾಟನ್. 2013ರಲ್ಲಿ ಬೂಕರ್ ಪ್ರಶಸ್ತಿ ಬಂದಾಗ ಅವರಿಗೆ 28 ವರ್ಷ. ರಾಣೆಬೆನ್ನೂರಿನಲ್ಲಿ ಪಾಠ ಹೇಳಿ ನಿವೃತ್ತನಾದ ಮೇಲೆ ಹಾವೇರಿಯ ಗೆಳೆಯರೊಬ್ಬರ ಮನೆಯಲ್ಲಿ ಈ ಪುಸ್ತಕ ಕಣ್ಣಿಗೆ ಬಿತ್ತು. 800 ಪುಟ ದಾಟಿದ ಇಟ್ಟಂಗಿಯಂಥ ಪುಸ್ತಕ. ಹಾವೇರಿಯಿಂದ ಬ್ಯಾಡಗಿ, ಬ್ಯಾಡಗಿಯಿಂದ ರಾಣೆಬೆನ್ನೂರು ಅಂತ ಓಡಾಡುವಾಗ ರೈಲಿನಲ್ಲೇ ಹೆಚ್ಚಿನದನ್ನು ಓದಿದೆ.

ಕಥೆ ನಡೆಯುವುದು ನ್ಯೂಜಿಲೆಂಡಿನ ಪಶ್ಚಿಮ ಕರಾವಳಿಯ ಹೊಕಿಟಿಕಾ ಎಂಬ ಊರಿನಲ್ಲಿ, 1866ರಲ್ಲಿ. ಬಂಗಾರ ಸಿಕ್ಕಿತೆಂಬ ಸುದ್ದಿಗೆ ಹಡಗು ಹಡಗು ಜನ ಬಂದು ಇಳಿದು, ಎರಡು ವರ್ಷದೊಳಗೆ ಎದ್ದುನಿಂತ ಪೇಟೆ ಅದು. ಜನವರಿ 27ರ ರಾತ್ರಿ ವಾಲ್ಟರ್ ಮೂಡಿ ಎಂಬ ತರುಣ ಕ್ರೌನ್ ಹೋಟೆಲಿನ ಕೋಣೆಯೊಂದಕ್ಕೆ ಹೊಗುತ್ತಾನೆ. ಅಲ್ಲಿ ಹನ್ನೆರಡು ಮಂದಿ ಗುಟ್ಟಾಗಿ ಸೇರಿದ್ದಾರೆ. ಎರಡು ವಾರದ ಹಿಂದೆ ಒಂದೇ ರಾತ್ರಿ ಮೂರು ಸಂಗತಿ ನಡೆದಿವೆ. ಕ್ರಾಸ್ಬಿ ವೆಲ್ಸ್ ಎಂಬ ಒಂಟಿ ಮನುಷ್ಯ ತನ್ನ ಗುಡಿಸಲಿನಲ್ಲಿ ಸತ್ತಿದ್ದಾನೆ. ಅವನ ಬಡ ಗುಡಿಸಲಿನಲ್ಲಿ ರಾಶಿ ಬಂಗಾರ ಸಿಕ್ಕಿದೆ. ಅನ್ನಾ ವೆದರೆಲ್ ಎಂಬ ವೇಶ್ಯೆ ಅಫೀಮಿನ ಅಮಲಿನಲ್ಲಿ ರಸ್ತೆಯ ಮೇಲೆ ಬಿದ್ದು ಸಿಕ್ಕಿದ್ದಾಳೆ. ಎಮರಿ ಸ್ಟೇನ್ಸ್ ಎಂಬ ಸಾಹುಕಾರ ಹುಡುಗ ಕಾಣೆಯಾಗಿದ್ದಾನೆ. ಹನ್ನೆರಡು ಮಂದಿಯೂ ಈ ಮೂರರಲ್ಲಿ ಒಂದಿಲ್ಲೊಂದು ರೀತಿ ಸಿಕ್ಕಿಕೊಂಡಿದ್ದಾರೆ. ಬ್ಯಾಂಕಿನವನು, ಪತ್ರಿಕೆಯವನು, ಪಾದ್ರಿ, ಔಷಧದಂಗಡಿಯವನು, ಕೋರ್ಟಿನ ಗುಮಾಸ್ತ ಎಲ್ಲರೂ. ಅವರ ನಡುವೆ ಇಬ್ಬರು ಚೀನೀಯರು, ಆಹ್ ಕ್ವೀ ಮತ್ತು ಆಹ್ ಸೂಕ್. ಒಬ್ಬ ಮಾವೊರಿ, ಟೆ ರಾವ್ ಟೌಫಾರೆ.

ಈ ಕಾದಂಬರಿಯ ದೊಡ್ಡಸ್ತಿಕೆಯನ್ನು ಮೊದಲು ಒಪ್ಪಿಕೊಳ್ಳೋಣ. ಮಾಮೂಲಿ ಪತ್ತೇದಾರಿಯಲ್ಲಿ ಅನುಮಾನ ನೀರಿನ ಹಾಗೆ ತಗ್ಗಿಗೆ ಹರಿಯುತ್ತದೆ. ಆಳು, ಅಡಿಗೆಯವನು, ಪರದೇಶಿ, ಸೂಳೆ, ಇವರನ್ನು ಮುಟ್ಟಿ ಆಮೇಲೆ ದೊಡ್ಡವರ ಕಡೆ ತಿರುಗುತ್ತದೆ. ಕ್ಯಾಟನ್ ಇದನ್ನು ಮುರಿದಿದ್ದಾರೆ. ಹನ್ನೆರಡು ಮಂದಿಯೂ ಅನುಮಾನಿತರು, ಹನ್ನೆರಡು ಮಂದಿಯೂ ಸಾಕ್ಷಿಗಳು. ಪಾದ್ರಿಯ ಚೀಲವನ್ನೂ ಚೀನೀ ಕೂಲಿಯ ಚೀಲವನ್ನೂ ಕಾದಂಬರಿ ಒಂದೇ ಕೈಯಿಂದ ತಡವುತ್ತದೆ. ನಮ್ಮವ್ವ ನಿಂತಿದ್ದ ಅಂಗಳದಲ್ಲಿ ನಲವತ್ತು ಜನರೂ ಜಾಡಿಸಿ ತೋರಿಸಿದ್ದರೆ ಹೇಗಿರುತ್ತಿತ್ತು, ಹಾಗೆ.

ಆಹ್ ಕ್ವೀಯ ಕಥೆ ನೋಡಿ. ಅವನು ಕರಾರಿನ ಕೂಲಿ. 'ಅರೋರಾ' ಎಂಬ ಬರಡು ಗಣಿಗೆ ಅವನನ್ನು ಕಟ್ಟಿಹಾಕಿದ್ದಾರೆ. ಅಲ್ಲಿ ಬಂಗಾರ ಹೊರಟರೆ ಮಾತ್ರ ಅವನಿಗೆ ಬಿಡುಗಡೆಯ ದಾರಿ. ಅನ್ನಾಳ ಉಡುಪಿನ ಹೊಲಿಗೆಯೊಳಗೆ ಅಡಗಿದ್ದ ಬಂಗಾರ ಅವನ ಕೈಗೆ ಸಿಗುತ್ತದೆ. ಅವನು ಅದನ್ನು ಬಚ್ಚಿಟ್ಟುಕೊಂಡು ಓಡುವುದಿಲ್ಲ. ಕರಗಿಸಿ, ಗಟ್ಟಿ ಮಾಡಿ, 'ಅರೋರಾ' ಎಂದು ಮುದ್ರೆ ಒತ್ತುತ್ತಾನೆ. ಗಣಿಯೇ ಕೊಟ್ಟ ಬಂಗಾರ ಎಂದು ತೋರಿಸಿ ತನ್ನ ದುಡಿಮೆಗೆ ಲೆಕ್ಕ ಕೇಳುವ ಉಪಾಯ ಅದು. ಕಾನೂನಿನ ಕಣ್ಣಿಗೆ ಕಳವು. ಆದರೆ ತನ್ನ ಬೆವರಿಗೆ ಒಂದು ಮುದ್ರೆ ಬೇಕು ಎನ್ನುವ ಕೂಲಿಯ ಹಸಿವನ್ನು ಕ್ಯಾಟನ್ ಬರೆದಿರುವ ರೀತಿ ನನಗೆ ತೀರ ಹತ್ತಿರದ್ದೆನಿಸಿತು. ಲೆಕ್ಕದ ವಹಿಯಲ್ಲಿ ಹೆಸರಿಲ್ಲದವನು ಬಂಗಾರದ ಮೇಲೆ ಅಕ್ಷರ ಬರೆಯುತ್ತಾನೆ. ಬರೆದದ್ದು ಮತ್ತೆ ಧಣಿಯ ಗಣಿಯ ಹೆಸರನ್ನೇ.

ಆಹ್ ಸೂಕ್‌ನದು ಇನ್ನೂ ಕಠಿಣ. ಅವನ ತಂದೆಯ ಮಳಿಗೆಯಲ್ಲಿ ಅಫೀಮು ಬಚ್ಚಿಟ್ಟು ತಂದೆಯ ಸಾವಿಗೆ ಕಾರಣನಾದವನು ಫ್ರಾನ್ಸಿಸ್ ಕಾರ್ವರ್. ಅವನನ್ನು ಹುಡುಕಿಕೊಂಡು ಸಿಡ್ನಿಗೆ ಹೋದ ಸೂಕ್ ಮೇಲೆ ಬೇರೊಂದು ಕೊಲೆಯ ಆರೋಪ ಬರುತ್ತದೆ. ಕೋರ್ಟು ಬಿಡುಗಡೆ ಮಾಡುತ್ತದೆ. ಸತ್ತವನ ಸಹೋದರ ಶೆಪರ್ಡ್ ಬಿಡುವುದಿಲ್ಲ. ಅವನೇ ಹೊಕಿಟಿಕಾದ ಜೈಲರ್. ವರ್ಷಗಳ ಮೇಲೆ ಅವನೇ ಸೂಕ್‌ನನ್ನು ಗುಂಡಿಟ್ಟು ಕೊಲ್ಲುತ್ತಾನೆ. ಕಾದಂಬರಿಯ ದೊಡ್ಡ ವಿಚಾರಣೆ ನಡೆಯುವ ಹೊತ್ತಿಗೆ ಸೂಕ್ ಬದುಕಿಲ್ಲ. ಕೋರ್ಟಿನ ತೀರ್ಪಿಗೂ ಅನುಮಾನಕ್ಕೂ ಸಂಬಂಧವಿಲ್ಲ ಎಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಬಚ್ಚಲದಲ್ಲಿ ಬೆಂಡೋಲೆ ಸಿಕ್ಕ ಮೇಲೂ ಆ ಏಳು ಹೆಂಗಸರು ಅಂಗಳಕ್ಕೆ ಬಂದರೆ ಆ ಮನೆಯವರ ಕೈ ತಾನಾಗಿ ಕಿವಿಗೆ ಹೋಗುತ್ತಿತ್ತಂತೆ.

ನನ್ನ ತಕರಾರು ಇರುವುದು ಇಲ್ಲಿಂದ ಮುಂದೆ. ಹನ್ನೆರಡು ಕುರ್ಚಿ ಹಾಕಿದ್ದೇನೋ ಸರಿ. ಆದರೆ ಹನ್ನೆರಡು ಮಂದಿಯ ಮಾತನ್ನು ಕೇಳಿ, ಜೋಡಿಸಿ, ಇದು ಹೀಗೆ ನಡೆಯಿತು ಎಂದು ಹೇಳುವವನು ಮೂಡಿ. ಕಾನೂನು ಓದಿದ ಬಿಳಿಯ. ಕೋರ್ಟಿನಲ್ಲಿ ವಾದಿಸುವವನೂ ಅವನೇ. ಚೀನೀಯರ ದುಃಖವೂ ಅವರ ತಕರಾರೂ ಪುಸ್ತಕದಲ್ಲಿ ಇವೆ, ವಿಚಾರಣೆಯ ಕಟಕಟೆಯಲ್ಲಿ ಇಲ್ಲ. ಅದೇ ಟೌಫಾರೆಯ ವಿಷಯದಲ್ಲೂ. ಅವನು ಕ್ರಾಸ್ಬಿ ವೆಲ್ಸ್‌ನ ಗೆಳೆಯ. ಅವನ ಜನಕ್ಕೆ ನಿಧಿ ಎಂದರೆ ಪೌನಾಮು ಎಂಬ ಹಸಿರು ಕಲ್ಲು, ಬಂಗಾರವಲ್ಲ. ಆ ಹೊಳೆ ಬಯಲನ್ನೆಲ್ಲ ಒಳಗೊಂಡ ಪಶ್ಚಿಮ ಕರಾವಳಿಯ ನೆಲವನ್ನು 1860ರಲ್ಲಿ ಬ್ರಿಟಿಷ್ ಸರಕಾರ ಮಾವೊರಿಗಳಿಂದ ಕೊಂಡದ್ದು 300 ಪೌಂಡಿಗೆ. ಈ ಖರೀದಿಗಿಂತ ದೊಡ್ಡ ಕಳವು ಆ ಕರಾವಳಿಯಲ್ಲಿ ಇನ್ನಾವುದು? ಆದರೆ ಅದು ಕಾದಂಬರಿಯ ಹಿನ್ನೆಲೆ, ಕೇಸು ಅಲ್ಲ. ಗುಡಿಸಲಿನ ಬಂಗಾರ ಯಾರದು ಎಂದು 800 ಪುಟ ಹುಡುಕುವ ಕಥೆ, ಗುಡಿಸಲಿನ ಕೆಳಗಿನ ನೆಲ ಯಾರದು ಎಂದು ಅಷ್ಟೇ ಹಟದಿಂದ ಕೇಳುವುದಿಲ್ಲ. ಕೊನೆಗೆ ಕಾರ್ವರ್ ಕೋರ್ಟಿನ ಹೊರಗೆ ಕೊಲೆಯಾದಾಗ ಕಾದಂಬರಿ ಸೂಚಿಸುವುದು ಟೌಫಾರೆಯ ಕಡೆಗೆ. ಕಟಕಟೆಯೊಳಗೆ ಮಾತು ಸಿಗದವನಿಗೆ ಲೇಖಕಿ ಕೈಗೆ ಆಯುಧ ಕೊಟ್ಟರು. ಓದುವಾಗ ನನಗೆ ಖುಷಿಯಾಯಿತು ಅಂತ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಆದರೆ ಮಾತಿನ ಬದಲಿಗೆ ಕೊಟ್ಟ ಆಯುಧ ನ್ಯಾಯವೆ?

ಇನ್ನೊಂದು ಸಂಗತಿ ನಮ್ಮ ಓದಿಗೆ ಮಾತ್ರ ತಾಕುವಂಥದ್ದು. ಈ ಕಾದಂಬರಿಯ ಕಟ್ಟಡ ನಿಂತಿರುವುದು ಜ್ಯೋತಿಷ್ಯದ ಮೇಲೆ. ಹನ್ನೆರಡು ಮಂದಿಗೆ ಹನ್ನೆರಡು ರಾಶಿ, ಉಳಿದ ಪಾತ್ರಗಳಿಗೆ ಗ್ರಹಗಳು. ಹನ್ನೆರಡು ಭಾಗಗಳು, ಚಂದ್ರ ಕರಗುವ ಹಾಗೆ ಪ್ರತಿ ಭಾಗವೂ ಹಿಂದಿನದರ ಅರ್ಧ. ಪಶ್ಚಿಮದ ವಿಮರ್ಶಕರು ಇದನ್ನು ಚಮತ್ಕಾರದ ಆಟವೆಂದು ಮೆಚ್ಚಿದರು. ನಮಗೆ ಇದು ಬರಿ ಆಟವಲ್ಲ. ಜಾತಕ, ಜಾತಿ ಎರಡೂ ಹುಟ್ಟು ಎಂಬ ಒಂದೇ ಅರ್ಥದಿಂದ ಹುಟ್ಟಿದ ಮಾತುಗಳು. ಹುಟ್ಟಿದ ಗಳಿಗೆಯೇ ಮನುಷ್ಯನ ಗುಣ ಬರೆಯುತ್ತದೆ ಎಂಬ ನಂಬಿಕೆ ನಮ್ಮ ಬೆನ್ನಿನ ಮೇಲೆ ಬರೆ ಎಳೆದಿದೆ. ಕುಂಡಲಿಯ ಮನೆಗಳಲ್ಲಿ ಪಾತ್ರಗಳನ್ನು ಕೂಡಿಸುವುದು ನೋಡಿದಾಗ ನನಗೆ ಊರಿನ ಮನೆಗಳ ಹಂಚಿಕೆಯೇ ನೆನಪಾಯಿತು.

ಆದರೆ ಹೀಗೆ ಬಯ್ದು ಪುಸ್ತಕ ಮುಚ್ಚಲಿಕ್ಕೂ ಆಗಲಿಲ್ಲ. ನಮ್ಮ ಕೇರಿಯಲ್ಲಿ ಯಾರಿಗೂ ಜಾತಕ ಇರಲಿಲ್ಲ. ಬರೆಯಲಿಕ್ಕೆ ಯಾರೂ ಬರುತ್ತಿರಲಿಲ್ಲ. ನನ್ನ ಹುಟ್ಟಿದ ದಿನ ಜೂನ್ 1. ನನ್ನ ಅಣ್ಣನದೂ ಜೂನ್ 1, ಓಣಿಯ ಅರ್ಧ ಹುಡುಗರದೂ ಜೂನ್ 1. ಸಾಲಿಗೆ ಹೆಸರು ಹಚ್ಚುವಾಗ ಮಾಸ್ತರರು ಕೊಟ್ಟ ಹುಟ್ಟು ಅದು. ಕ್ಯಾಟನ್ ಕುಂಡಲಿಯಲ್ಲಿ ಅಫೀಮು ಮಾರುವ ಸೂಕ್‌ಗೆ ಒಂದು ರಾಶಿ ಇದೆ, ಬ್ಯಾಂಕಿನವನಿಗೂ ಒಂದು ರಾಶಿ. ಎರಡಕ್ಕೂ ಆಕಾಶದಲ್ಲಿ ಸಮ ಜಾಗ. ಹುಟ್ಟಿನ ಲೆಕ್ಕವನ್ನು ಒಪ್ಪದ ನಾನು, ಆ ಲೆಕ್ಕದಲ್ಲಾದರೂ ಸಮ ಪಾಲು ಕೊಟ್ಟ ಕಾದಂಬರಿಯನ್ನು ಏನೆನ್ನಬೇಕು? ಈ ಇಕ್ಕಟ್ಟನ್ನು ಹಾಗೇ ಇಟ್ಟು ಮುಂದೆ ಹೋಗುತ್ತೇನೆ.

ಹೊಕಿಟಿಕಾ ದೂರದ ಊರು ಅನ್ನುವವರಿಗೆ ಒಂದು ದಾರಿ ತೋರಿಸುತ್ತೇನೆ. ಕಾದಂಬರಿ ನಡೆಯುವ 1860ರ ದಶಕದಲ್ಲೇ ನ್ಯೂಜಿಲೆಂಡಿನಲ್ಲಿ ಮಾವೊರಿಗಳ ವಿರುದ್ಧ ಬ್ರಿಟಿಷರು ಯುದ್ಧ ನಡೆಸಿದ್ದರು. ಆ ಯುದ್ಧದಲ್ಲಿದ್ದ ಒಬ್ಬ ಐರಿಷ್ ಸಿಪಾಯಿ, ಬಂಗಾರದ ಹುಚ್ಚನ್ನು ಅಲ್ಲಿಂದಲೇ ತಲೆಗೆ ಏರಿಸಿಕೊಂಡು, ಬೆಂಗಳೂರು ದಂಡಿಗೆ ಬಂದು ನೆಲೆಸಿದ. ಮೈಕೆಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್ಲೆ. ಬೆಂಗಳೂರಿನ ಲ್ಯಾವೆಲ್ಲೆ ರಸ್ತೆ ಅವನ ಹೆಸರಿನದೇ. ಲೆಫ್ಟಿನೆಂಟ್ ಜಾನ್ ವಾರನ್ ಎಂಬವನು 1802ರಲ್ಲಿ ಕೋಲಾರದ ಸೀಮೆಯಲ್ಲಿ ಊರ ಜನ ಮಣ್ಣು ತೊಳೆದು ಬಂಗಾರ ತೆಗೆಯುವುದನ್ನು ಕಂಡು ಬರೆದಿದ್ದ. ಆ ಹಳೆಯ ವರದಿಯನ್ನು ಓದಿ ಲ್ಯಾವೆಲ್ಲೆ 1871ರಲ್ಲಿ ಎತ್ತಿನ ಬಂಡಿ ಹತ್ತಿ ಕೋಲಾರಕ್ಕೆ ಹೋದ. 1873ರಲ್ಲಿ ಮೈಸೂರು ಸರಕಾರದ ಅಪ್ಪಣೆ ಕೇಳಿದ. ಕೆ.ಜಿ.ಎಫ್. ಹುಟ್ಟಿದ್ದು ಹೀಗೆ. ಟೌಫಾರೆಯ ನೆಲದಿಂದ ಮಾರಿಕುಪ್ಪಮ್ಮಿಗೆ ಒಬ್ಬನೇ ಮನುಷ್ಯನ ಹೆಜ್ಜೆ.

ಕೋಲಾರದ ಆಳಕ್ಕೆ ಇಳಿದವರು ಬಹುಪಾಲು ಉತ್ತರ ಆರ್ಕಾಟು ಮುಂತಾದ ಕಡೆಯಿಂದ ಬಂದ ತಮಿಳು ದಲಿತರು. ಅವರ ಮೇಲಿನ ಅನುಮಾನಕ್ಕೆ ಕಾನೂನಿನ ರೂಪವೇ ಇತ್ತು. 1897ರ ಮೈಸೂರು ಗಣಿ ಕಾಯ್ದೆಯ ಪ್ರಕಾರ ಗಣಿಯ ಬಂಗಾರ ಯಾರ ಬಳಿಯಾದರೂ ಸಿಕ್ಕರೆ, ಅದು ಹೇಗೆ ಬಂತೆಂದು ರುಜುವಾತು ಮಾಡಬೇಕಾದವನು ಅವನೇ. ಕದ್ದಿಲ್ಲ ಎಂದು ಕೂಲಿಯೇ ತೋರಿಸಬೇಕು. ಅದೇ 1897ರಲ್ಲಿ ಕಲಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ಶುರುವಾಯಿತು. ಪತ್ತೇದಾರಿ ಕಥೆಗಳಿಗೆ ಬೆರಳಚ್ಚು ದೊಡ್ಡ ಹಬ್ಬ. ಕೆ.ಜಿ.ಎಫ್. ಕಾರ್ಮಿಕರಿಗೆ ಅದು ಅವಮಾನ. 1930ರಲ್ಲಿ ಎಲ್ಲ ಕೂಲಿಗಳೂ ಹೆಬ್ಬೆಟ್ಟು ಒತ್ತಿ ಹೆಸರು ದಾಖಲಿಸಬೇಕೆಂದಾಗ ಅವರು 21 ದಿನ ಕೆಲಸ ನಿಲ್ಲಿಸಿದರು. ಹೆಬ್ಬೆಟ್ಟು ಒತ್ತಿ ಒತ್ತಿ ಹೊಲ ಕಳೆದುಕೊಂಡವರ ಮೊಮ್ಮಗನಾದ ನನಗೆ ಈ ಮುಷ್ಕರ ಯಾವ ಕಾದಂಬರಿಗಿಂತಲೂ ದೊಡ್ಡದಾಗಿ ಕಾಣುತ್ತದೆ. ಪತ್ತೇದಾರನ ಭೂತಗನ್ನಡಿಯನ್ನೇ ಆ ಜನ ತಳ್ಳಿಹಾಕಿದರು.

ಕಥನಕ್ಕೆ ಇಷ್ಟೆಲ್ಲ ಸಾಮಗ್ರಿ ಇಟ್ಟುಕೊಂಡು ನಾವು ಮಾಡಿದ್ದೇನು? 'ಕೆ.ಜಿ.ಎಫ್' ಸಿನಿಮಾ (2018, 2022) ಆ ಹೆಸರನ್ನು ದೇಶಕ್ಕೆಲ್ಲ ಹಬ್ಬಿಸಿತು. ಅದರಲ್ಲಿ ಗಣಿಯ ಜನ ಎಂದರೆ ಮಸಿ ಬಳಿದ ಗುಂಪು. ನಾಯಕ ಬಂದು ಬಿಡಿಸುವ ತನಕ ಕಾಯುವುದೇ ಅವರ ಕೆಲಸ. ಅಯೋತಿದಾಸ ಪಂಡಿತರ ದಾರಿಯಲ್ಲಿ ಬೌದ್ಧ ಸಂಘ ಕಟ್ಟಿದವರು, ಮುದ್ರಣಾಲಯ ನಡೆಸಿದವರು, ಪತ್ರಿಕೆ ಹೊರಡಿಸಿದವರು, 21 ದಿನ ಹಟ ಹಿಡಿದು ಕೂತವರು ಅಲ್ಲಿ ಒಬ್ಬರೂ ಇಲ್ಲ. 2024ರಲ್ಲಿ ತಮಿಳಿನಲ್ಲಿ ಪಾ. ರಂಜಿತ್ 'ತಂಗಲಾನ್' ತೆಗೆದು ಬಂಗಾರ ಹುಡುಕಲು ಹೋದ ದಲಿತರನ್ನೇ ಕಥೆಯ ನಡುವೆ ನಿಲ್ಲಿಸಿದರು. ಅದು ರಹಸ್ಯವನ್ನು ಪುರಾಣವಾಗಿಸಿತು. ಪುರಾಣ ಬೇಕು. ಆದರೆ ಕಾಯ್ದೆಯ ಕಲಮು, ಹಾಜರಿ ಪುಸ್ತಕ, ತಡವಿ ನೋಡಿದ ಕೈ, ಇವನ್ನು ಒಂದೊಂದಾಗಿ ಹಿಡಿದು ಕೇಳುವ ಹಟ ಪತ್ತೇದಾರಿಯ ರೂಪಕ್ಕೆ ಮಾತ್ರ ಇದೆ. 2001ರ ಫೆಬ್ರವರಿ 28ಕ್ಕೆ ಆ ಗಣಿಗಳು ಮುಚ್ಚಿದವು. ಆ ರಹಸ್ಯ ಕಾದಂಬರಿಯನ್ನು ಕನ್ನಡದಲ್ಲಿ ಯಾರಾದರೂ ಬರೆಯಬೇಕು.

ಕೋಲಾರದ ತನಕ ಹೋಗಬೇಕೆಂದೂ ಇಲ್ಲ. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಮಳೆಗಾಲ ಮುಗಿದ ಮೇಲೆ ಮರಳು ತೊಳೆದು ಬಂಗಾರದ ಪುಡಿ ತೆಗೆಯುತ್ತಿದ್ದವರನ್ನು ಬ್ರಿಟಿಷರ ಕಾಲದ ಬರಹಗಳು ಹೆಸರಿಸುತ್ತವೆ: ಜಲಗಾರರು. ಕಳೆದ ಶತಮಾನದ ಮೊದಲ ದಶಕದಲ್ಲಿ ಆ ಸುತ್ತಿನ ಹೊಸೂರು, ಕಬಲಾಯತಕಟ್ಟಿಯಲ್ಲಿ ಕಂಪನಿಗಳು ಬಂದು ಅಗೆದು ಕೆಲವೇ ವರ್ಷಕ್ಕೆ ಬಿಟ್ಟುಹೋದವು. ನಮ್ಮ ಹಿರೇಕೆರೂರ ಕಡೆ ಚಿನ್ನಮುಳಗುಂದ ಎಂದು ಊರಿಗೆ ಹೆಸರೇ ಇದೆ. ಹಾವೇರಿಯ ಮಗ್ಗುಲಿನ ಗಣಜೂರಿನಲ್ಲಿ ಈಚಿನ ವರ್ಷಗಳಲ್ಲಿ ಬಂಗಾರಕ್ಕಾಗಿ ಕೊಳವೆ ಇಳಿಸಿ ನೋಡಿದ್ದಾರೆ.

ಈಗ ಆ ಜಲಗಾರ ಎಂಬ ಮಾತನ್ನು ನೋಡಿ. ಬಂಗಾರ ತೊಳೆಯುವವನು ಜಲಗಾರ. ಕುವೆಂಪು 1928ರಲ್ಲಿ 'ಜಲಗಾರ' ನಾಟಕ ಬರೆದಾಗ ಆ ಮಾತಿನ ಅರ್ಥ ಬೀದಿ ಗುಡಿಸುವವನು. ಹಳ್ಳದಲ್ಲಿ ಬಂಗಾರ ಸೋಸುತ್ತಿದ್ದ ಕೈಗೂ ಊರಿನ ಕಸ ಬಳಿಯುವ ಕೈಗೂ ಭಾಷೆ ಒಂದೇ ಹೆಸರನ್ನು ಇಟ್ಟಿದೆ. ಬಂಗಾರ ಗುಡಿಗೆ ಹೋಯಿತು, ಕೊರಳಿಗೆ ಹೋಯಿತು, ಲಂಡನ್ನಿಗೆ ಹೋಯಿತು. ತೊಳೆದವನ ಹೆಸರು ಕಸದ ಬುಟ್ಟಿಯ ಜೊತೆ ಉಳಿಯಿತು. ಪತ್ತೆ ಹಚ್ಚಬೇಕಾದ ಕಳವು ಇದು. ಇದಕ್ಕೆ ಹೆಣ ಬೇಕಿಲ್ಲ, ಒಂದು ನಿಘಂಟು ಸಾಕು.

ಸಂಪಾದಕ ಗೆಳೆಯರ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಆ ಕಾದಂಬರಿಯಲ್ಲಿ ದಲಿತರು ಇಲ್ಲ. ಮೊದಲ ಅನುಮಾನಕ್ಕೆ ಗುರಿಯಾಗುವವರು ಇದ್ದಾರೆ, ಲೆಕ್ಕದ ವಹಿಯಲ್ಲಿ ಹೆಸರಿಲ್ಲದವರು ಇದ್ದಾರೆ, ಬಿಡುಗಡೆಯಾದ ಮೇಲೂ ಬಿಡುಗಡೆಯಾಗದವರು ಇದ್ದಾರೆ. ಅವರನ್ನು ಗುರುತು ಹಿಡಿಯುವುದು ದಲಿತ ವಿಮರ್ಶೆಯ ಕೆಲಸ. ಕ್ಯಾಟನ್ ಕಳೆದ ಬಂಗಾರವನ್ನು ಬಲು ಜಾಣ್ಮೆಯಿಂದ ಹುಡುಕಿ ಕೊಟ್ಟಿದ್ದಾರೆ. ನಮ್ಮವ್ವ ಕೇಳಿದ್ದು ಇನ್ನೂ ಸಿಕ್ಕಿಲ್ಲ. ಆ ಏಳು ಮಂದಿಯಲ್ಲಿ ಈಗ ಒಬ್ಬರು ಉಳಿದಿದ್ದಾರೆ. ಹೋದ ಸುಗ್ಗಿಯಲ್ಲಿ ಅವರನ್ನು ಕಂಡಾಗ ಆ ದಿನದ ಬಗ್ಗೆ ಕೇಳಿದೆ. ಒಂದು ಹೊತ್ತು ಸುಮ್ಮನಿದ್ದು, ಉಟ್ಟ ಸೀರೆಯ ಸೆರಗನ್ನು ಎರಡು ಸಲ ಜಾಡಿಸಿ ತೋರಿಸಿದರು.